ಕೈಯಲ್ಲಿರುವ ಕೆಲಸ, ಕದ ತಟ್ಟುವ ಕೆಲಸ



ಕಳೆದ ವರ್ಷ ಒಂದು ದಿನ ಬೆಳಗ್ಗೆ ನಾವು ಪೂಜೆ ಮುಗಿಸಿ ಹೊರಗೆ ಬಂದಾಗ ಮಠದ ಪಡಸಾಲೆಯಲ್ಲಿ ಒಬ್ಬ ಭಕ್ತರು ಕಾದು ಕುಳಿತಿದ್ದರು. ಅವರು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಅಧಿಕಾರಿಗಳು. ಅಂದು ತಿಂಗಳ 17ನೆಯ ತಾರೀಖು. ಮರುದಿನ ರಾತ್ರಿಯ ರೈಲಿಗೆ ಅವರು ಕಂಪನಿಯ ಕೆಲಸಕ್ಕಾಗಿ ಮುಂಬಯಿಗೆ ಹೊರಡಬೇಕಾಗಿತ್ತು. 20ನೆಯ ತಾರೀಖಿನೊಳಗೆ ಜಿ.ಎಸ್.ಟಿ. ಲೆಕ್ಕ ಸರ್ಕಾರಕ್ಕೆ ಸಲ್ಲಬೇಕಾಗಿತ್ತು. ಮುಂಬಯಿಯಲ್ಲಿ ತೋರಿಸಬೇಕಾದ ಕಾಗದ ಇನ್ನೂ ಅರ್ಧಕ್ಕೇ ನಿಂತಿತ್ತು. “ಬುದ್ಧೀ, ನಿದ್ದೆ ಬಂದು ನಾಲ್ಕು ದಿನವಾಯಿತು, ಆಶೀರ್ವಾದ ಮಾಡಬೇಕು” ಎಂದರು.

ಅವರು ನಮ್ಮ ಮುಂದೆ ಕುಳಿತದ್ದು ಕಾಲು ಗಂಟೆ. ಅಷ್ಟರಲ್ಲಿ ಅವರ ಮೊಬೈಲು ಏಳು ಸಲ ಕೂಗಿತು. ಏಳನೆಯ ಸಲ ನಾವೇ ಕೇಳಿದೆವು, “ಯಾರಪ್ಪಾ ಅದು?” ಅವರು ನಾಚಿಕೊಂಡು, “ಸಾಲ ಬೇಕೇ ಎಂದು ಕೇಳುವವರು ಬುದ್ಧೀ” ಎಂದರು. ಸಾಲ ಬೇಡದ ಮನುಷ್ಯನನ್ನು ಸಾಲ ಕೊಡುವವನು ಗುರುವಿನ ಸನ್ನಿಧಿಯಿಂದಲೂ ಎಬ್ಬಿಸಬಲ್ಲ. ಇದು ನಮ್ಮ ಕಾಲದ ಮಹಿಮೆ!

ಇದು ಅವರೊಬ್ಬರ ಪಾಡಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಜನರ ಪಾಡು. ತೆರಿಗೆ ಮುರಿದುಕೊಂಡ ಹಣವನ್ನು 7ನೆಯ ತಾರೀಖಿಗೆ ಕಟ್ಟಬೇಕು, ಮಾರಾಟದ ವಿವರವನ್ನು 11ಕ್ಕೆ ಕೊಡಬೇಕು, 20ಕ್ಕೆ ಮತ್ತೊಂದು. ಅದು ಮುಗಿಯುವಷ್ಟರಲ್ಲಿ ಮುಂದಿನ ತಿಂಗಳು ಬಾಗಿಲಲ್ಲಿ ನಿಂತಿರುತ್ತದೆ. ಮಾರ್ಚ್ 31 ಬಂತೆಂದರೆ ಕಛೇರಿಯವರ ಮನೆಯಲ್ಲಿ ಯುಗಾದಿಯ ಬೇವು-ಬೆಲ್ಲದಲ್ಲಿ ಬೇವೇ ಹೆಚ್ಚು.

ಆದರೆ ಗಡುವು ಎಂಬುದು ಕಛೇರಿಯವರಿಗೆ ಮಾತ್ರ ಉಂಟೆಂದು ತಿಳಿಯಬೇಡಿ. ರೈತನಿಗೆ ಹದವೇ ಗಡುವು. ಮಳೆ ಬಿದ್ದು ನೆಲ ಹದಕ್ಕೆ ಬಂದ ಮೇಲೆ ಬಿತ್ತಿದರೆ ಬಿತ್ತಿದಂತೆ. ಅರ್ಜಿ ಕೊಟ್ಟು ಹದವನ್ನು ಮುಂದೂಡಲು ಬರುವುದಿಲ್ಲ. ಆ ದಿನ ಕೂರಿಗೆಯ ಹಿಂದೆ ನಡೆಯುವ ತಾಯಿಯನ್ನು ನೋಡಿದ್ದೀರಷ್ಟೆ? ಒಂದೇ ಸಮನೆ ಬಟ್ಟಲಿಗೆ ಕಾಳು ಬಿಡುತ್ತಾ ಹೋಗುತ್ತಾಳೆ. ಬದುವಿನ ಮೇಲೆ ಹೋಗುವವರು ಮಾತನಾಡಿಸಿದರೆ ಮಾತಿಗೆ ಮಾತು ಕೊಟ್ಟಾಳು, ಕೈ ಮಾತ್ರ ನಿಲ್ಲದು. ಕೈ ನಿಂತರೆ ಎತ್ತು ನಿಲ್ಲುವುದಿಲ್ಲ, ಆ ಸಾಲು ಬರಿದೇ ಹೋಗುತ್ತದೆ. ಅಂದು ಅದು ಯಾರಿಗೂ ಕಾಣುವುದಿಲ್ಲ. ಮೊಳಕೆ ಬಂದಾಗ ಊರಿಗೆಲ್ಲ ಕಾಣುತ್ತದೆ. ನಮ್ಮ ದಿನಗಳೂ ಹೀಗೆಯೇ ಬರಿ ಸಾಲಾಗಿ ಹೋಗುತ್ತಿವೆ.

ಆ ಭಕ್ತರಿಗೆ ನಾವು ಒಂದು ಹಾಳೆ ಕೊಟ್ಟು, “ತಲೆಯಲ್ಲಿರುವ ಕೆಲಸವನ್ನೆಲ್ಲ ಇದರ ಮೇಲೆ ಇಳಿಸಿ” ಎಂದೆವು. ಹನ್ನೊಂದು ಕೆಲಸಗಳಾದವು. “ಈಗ ಒಂದೊಂದರ ಮುಂದೆ, ಇದು ಈ ವಾರ ಆಗದಿದ್ದರೆ ಯಾರಿಗೆ ನೋವಾಗುತ್ತದೆ ಎಂದು ಬರೆಯಿರಿ” ಎಂದೆವು. ಬರೆಯುತ್ತಾ ಹೋದರು. ಐದು ಕೆಲಸಗಳ ಮುಂದೆ ಯಾರ ಹೆಸರೂ ಬರಲಿಲ್ಲ. ಒಂಬತ್ತನೆಯದಕ್ಕೆ ಬಂದಾಗ ಅವರ ಕೈ ನಿಂತಿತು. ಅದು ಕಾವಲುಗಾರನ ಸಂಬಳದ ಕಾಗದ. ಇವರ ಒಂದು ಸಹಿಗಾಗಿ ಹನ್ನೆರಡು ದಿನದಿಂದ ಮೇಜಿನ ಮೇಲೆ ಬಿದ್ದಿತ್ತು. ಆತ ದಿನವೂ ಗೇಟಿನಲ್ಲಿ ಇವರಿಗೆ ನಮಸ್ಕಾರ ಮಾಡುತ್ತಿದ್ದ. ಬಾಯಿ ಬಿಟ್ಟು ಕೇಳಿರಲಿಲ್ಲ. “ಬುದ್ಧೀ, ಇದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ” ಎಂದು ಅವರು ಕಣ್ಣೊರೆಸಿಕೊಂಡರು.

ನೋಡಿ, ಗದ್ದಲ ಮಾಡುವ ಕೆಲಸವನ್ನು ನಾವು ದೊಡ್ಡದೆನ್ನುತ್ತೇವೆ. ಸುಮ್ಮನೆ ನಿಂತ ಕೆಲಸ ಹಿಂದೆ ಬೀಳುತ್ತದೆ. ಗದ್ದಲ ಮಾಡಲಾರದವರು ಸಾಮಾನ್ಯವಾಗಿ ಬಡವರು, ಇಲ್ಲವೆ ಮನೆಯವರು.

ಈ ಮಾತನ್ನು ನಿಮಗೆ ಮಾತ್ರ ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಒಂದೇ ದಿನಕ್ಕೆ ಎರಡು ಊರಿನವರಿಗೆ ಬರುತ್ತೇವೆಂದು ಒಪ್ಪಿದ್ದೆವು. ಕೇಳಿದವರಿಗೆಲ್ಲ ಆಗಲಿ ಎನ್ನುವ ಚಪಲ. ದೊಡ್ಡ ಊರಿನ ಸಮಾರಂಭ ತಡವಾಯಿತು. ಚಿಕ್ಕ ಊರಿನವರು ಅಗಸೆಯ ಬಾಗಿಲಲ್ಲಿ ತೋರಣ ಕಟ್ಟಿ, ಮಕ್ಕಳನ್ನು ಮಲಗಿಸದೆ, ರಾತ್ರಿ ಹನ್ನೊಂದರವರೆಗೆ ಕಾದರು. ನಾವು ಹೋಗಲಾಗಲಿಲ್ಲ. ಮರುದಿನ ಹೋದಾಗ ಒಬ್ಬ ಅಜ್ಜಿ, “ನೀವು ಬರೋದಿಲ್ಲ ಅಂತ ಮೊದಲೇ ಹೇಳಿದ್ದರೆ ಮಕ್ಕಳಾದರೂ ಉಂಡು ಮಲಗುತ್ತಿದ್ದವು ಬುದ್ಧೀ” ಎಂದರು. ಆ ಮಾತು ಇನ್ನೂ ನಮ್ಮ ಎದೆಯಲ್ಲಿದೆ. ಆಗದ ಕೆಲಸಕ್ಕೆ ಆಗಲಿ ಎನ್ನುವುದು ಔದಾರ್ಯವಲ್ಲ, ಅದೂ ಒಂದು ಆಸೆ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ದಿನವೂ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಶರಣರು, ಒಂದು ದಿನ ಹೆಚ್ಚಿಗೆ ತಂದರು. ತಾಯಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ಅಕ್ಕಿಗೆ ಸಲ್ಲುವ ಮಾತು ಕೆಲಸಕ್ಕೂ ಸಲ್ಲುತ್ತದೆ. ಇಂದು ಮಾಡಿ ಮುಗಿಸುವಷ್ಟನ್ನು ಕೈಗೆತ್ತಿಕೊಳ್ಳಬೇಕು, ಮಿಕ್ಕದ್ದನ್ನು ವಿನಯದಿಂದ ಹಿಂದಕ್ಕೆ ಸುರಿಯಬೇಕು. ನಿಮ್ಮ ನಿಮ್ಮ ಮನೆಯ ಲಕ್ಕಮ್ಮನವರು ಇದನ್ನು ಹೇಳುತ್ತಲೇ ಇದ್ದಾರೆ. ಕೇಳುವ ಮಾರಯ್ಯನವರು ಕಡಿಮೆ.

ನುಲಿಯ ಚಂದಯ್ಯನವರದು ಇನ್ನೂ ಒಂದು ಹೆಜ್ಜೆ ಮುಂದೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗ ಜಾರಿ ಬಿದ್ದರೂ ಅವರು ಕಾಯಕ ಬಿಟ್ಟು ನಿಲ್ಲಲಿಲ್ಲ ಎಂದು ಕಥೆ. ಲಿಂಗವೇ ಹಿಂದೆ ಬಂದಿತಂತೆ. ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಹೇಳಬೇಕಾಯಿತು. ಲಿಂಗವನ್ನೂ ಕಾಯಿಸಿದ ಕಾಯಕವನ್ನು ನಾವು ಸಾಲ ಮಾರುವವನ ಕರೆಗೆ ನಿಲ್ಲಿಸುತ್ತೇವೆ!

ಆದರೆ ಒಂದು ಎಚ್ಚರಿಕೆ. ಚಂದಯ್ಯನವರು ಅಷ್ಟು ಕಟ್ಟುನಿಟ್ಟಾಗಿ ದುಡಿದದ್ದು ಜಂಗಮ ದಾಸೋಹಕ್ಕಾಗಿ. ಆದ್ದರಿಂದ ಮೇಜಿನ ಬಳಿ ಬಂದವರನ್ನೆಲ್ಲ ಅಡ್ಡಿ ಎಂದು ಗದರಬೇಡಿ. ಹರಟೆಗೆ ಬಂದವನು ಬೇರೆ, ಅಗತ್ಯಕ್ಕೆ ಬಂದವನು ಬೇರೆ. ಮೊದಲನೆಯವನಿಗೆ ನಕ್ಕು, “ಊಟದ ಹೊತ್ತಿಗೆ ಮಾತಾಡೋಣ” ಎನ್ನಿ. ಎರಡನೆಯವನನ್ನು ಕೂರಿಸಿ ಕೇಳಿ. ಅವನೇ ನಿಮ್ಮ ಕಛೇರಿಗೆ ಬಂದ ಜಂಗಮ. ಬಸವಣ್ಣನವರೂ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವರೇ ಅಲ್ಲವೇ? ಭಂಡಾರದ ಲೆಕ್ಕವೂ ತಪ್ಪಲಿಲ್ಲ, ಮಹಾಮನೆಯ ಬಾಗಿಲೂ ಮುಚ್ಚಲಿಲ್ಲ.

ಹಾಗಾದರೆ ಮಾಡುವುದೇನು? ಬೆಳಗ್ಗೆ ಇಷ್ಟಲಿಂಗ ಪೂಜೆಗೆ ಹೇಗೆ ಮೊಬೈಲನ್ನು ಹೊರಗಿಡುತ್ತೀರೋ, ಹಾಗೆ ಕಛೇರಿಯ ಮೊದಲ ಒಂದು ಗಂಟೆ ಅದನ್ನು ದೂರವಿಡಿ. ಅತಿ ಮುಖ್ಯವಾದ ಒಂದೇ ಕೆಲಸ ಮಾಡಿ. ತಾರೀಖನ್ನು ತಲೆಯಲ್ಲಿಡಬೇಡಿ, ಕಾಗದದಲ್ಲಿಡಿ. ಪ್ರಯಾಣವಿದ್ದರೆ ಹಿಂದಿನ ದಿನವನ್ನು ಖಾಲಿ ಬಿಡಿ. ನೀವಿಲ್ಲದಾಗ ಯಾರು ಏನು ನೋಡಬೇಕೆಂದು ಬರೆದುಕೊಟ್ಟು, ನಂಬಿ ಹೊರಡಿ. ಆಗದಿದ್ದರೆ ಆಗದೆಂದು ಮೊದಲೇ ಹೇಳಿ. ಕೊನೆಯ ಗಳಿಗೆಯಲ್ಲಿ ಹೇಳುವ ಇಲ್ಲಕ್ಕಿಂತ ಮೊದಲ ದಿನದ ಇಲ್ಲ ಮೇಲು.

ಆ ಭಕ್ತರು ಒಂದು ತಿಂಗಳ ಮೇಲೆ ಮತ್ತೆ ಬಂದರು. ಮಠದಿಂದ ಹೋದವರು ಮೊದಲು ಕಾವಲುಗಾರನ ಕಾಗದಕ್ಕೆ ಸಹಿ ಹಾಕಿದರಂತೆ. ಜಿ.ಎಸ್.ಟಿ. ಲೆಕ್ಕವನ್ನು ಕೈಕೆಳಗಿನ ಹುಡುಗನಿಗೆ ಒಪ್ಪಿಸಿದರಂತೆ. ಆತ 19ಕ್ಕೇ ಮುಗಿಸಿದ. ಆದರೆ ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಮಗಳ ಶಾಲೆಯ ಕಾರ್ಯಕ್ರಮ ಆ ಪ್ರಯಾಣದಲ್ಲಿ ತಪ್ಪಿಹೋಯಿತು. “ಅದು ಆ ಹಾಳೆಯಲ್ಲಿ ಇರಲೇ ಇಲ್ಲ ಬುದ್ಧೀ” ಎಂದರು. ಈಗ ಅವರು ಬರೆಯುವ ಹಾಳೆಯಲ್ಲಿ ಮೊದಲ ಸಾಲು ಮನೆಯವರದು.

ನೀವೂ ಇಂದು ಮನೆಗೆ ಹೋಗಿ ಅಂಥ ಒಂದು ಹಾಳೆ ಬರೆಯಿರಿ. ಬಾಯಿಲ್ಲದ ಯಾರ ಕೆಲಸ ನಿಮ್ಮ ಮೇಜಿನ ಮೇಲೆ ಕಾಯುತ್ತಿದೆ ಎಂದು ಹುಡುಕಿರಿ, ನಾಳೆ ಅದನ್ನೇ ಮೊದಲು ಮಾಡಿರಿ. ನಿಮ್ಮ ಕಾಯಕದ ಒಂದು ಸಾಲೂ ಬರಿದಾಗದಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.