ನೆಲ ಅಳೆಯುವ ವಿದ್ಯೆ

ಎರಡನೆಯ ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ ಊಟದ ಹೊತ್ತಿನ ಮಾತೆಲ್ಲ ಒಂದೇ ಕಡೆಗೆ ಹರಿಯುತ್ತದೆ: ಮುಂದೇನು? ವೈದ್ಯವಿದ್ಯೆ, ಎಂಜಿನಿಯರಿಂಗ್, ಕಂಪ್ಯೂಟರ್ ಎಂದು ಮೂರು ಸುತ್ತು ಬಂದಮೇಲೆ ಈಚೆಗೆ ನಾಲ್ಕನೆಯದೊಂದು ಮಾತು ಕೇಳಿಬರುತ್ತಿದೆ. ಮಗಳು ಹೇಳುತ್ತಾಳೆ, "ನಾನು ಪ್ರಾಪರ್ಟಿ ಡೆವಲಪ್‌ಮೆಂಟ್ ಓದಿ ಸರ್ವೇಯರ್ ಆಗುತ್ತೇನೆ." ಅಜ್ಜನಿಗೆ ನಗು ಬರುತ್ತದೆ. "ಚೈನು ಎಳೆಯುವುದಕ್ಕೆ ವಿಶ್ವವಿದ್ಯಾನಿಲಯ ಯಾಕಮ್ಮಾ?" ಎನ್ನುತ್ತಾರೆ. ತಂದೆಗೆ ಬೇರೆ ಚಿಂತೆ. ಅವರ ಕಿವಿಗೆ ಆ ಕೋರ್ಸಿನ ಹೆಸರು ಸೈಟು ಮಾರುವವರ ಸಹವಾಸದಂತೆ ಕೇಳಿಸುತ್ತದೆ.

ಇಬ್ಬರ ಸಂಶಯವೂ ಸಹಜವೇ. ಆದರೆ ಇಬ್ಬರೂ ಆ ವಿದ್ಯೆಯ ಅರ್ಧವನ್ನು ಮಾತ್ರ ನೋಡುತ್ತಿದ್ದಾರೆಂದು ನನಗೆ ತೋರುತ್ತದೆ.

'ಸರ್ವೇಯರ್' ಎಂಬ ಮಾತಿಗೆ ನಮ್ಮಲ್ಲಿರುವ ಅರ್ಥ ಒಂದು, ಆ ಮಾತು ಹುಟ್ಟಿದ ನಾಡಿನಲ್ಲಿರುವ ಅರ್ಥ ಇನ್ನೊಂದು. ಲಂಡನ್ನಿನಲ್ಲಿ 1868ರಲ್ಲಿ ಸ್ಥಾಪನೆಯಾದ ಸರ್ವೇಯರುಗಳ ಸಂಸ್ಥೆಯ ಸದಸ್ಯರಲ್ಲಿ ನೆಲ ಅಳೆಯುವವರು ಒಂದು ಪಂಗಡ ಮಾತ್ರ. ಆಸ್ತಿಗೆ ಬೆಲೆ ಕಟ್ಟುವವರು, ಕಟ್ಟಡಕ್ಕೆ ತಗಲುವ ಸಾಮಗ್ರಿಯ ಲೆಕ್ಕ ಹಾಕುವವರು, ಹಳೆಯ ಕಟ್ಟಡದ ದೋಷ ಪರೀಕ್ಷಿಸುವವರು, ಬರಿದಾದ ಬಯಲು ಬಡಾವಣೆಯಾಗಬಲ್ಲುದೇ ಎಂದು ತೂಗಿ ನೋಡುವವರು, ಎಲ್ಲರೂ ಅಲ್ಲಿ ಸರ್ವೇಯರುಗಳೇ. ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಆಸ್ತಿ ಅಭಿವೃದ್ಧಿಯೆಂದು ಕಲಿಸುವುದು ಭೂಕಾನೂನು, ಅರ್ಥಶಾಸ್ತ್ರ, ನಗರ ಯೋಜನೆ, ಕಟ್ಟಡ ವಿದ್ಯೆ, ಮೌಲ್ಯಮಾಪನ, ಸಾಲದ ಲೆಕ್ಕ, ಇವೆಲ್ಲ ಕೂಡಿದ ಒಂದು ಶಾಸ್ತ್ರ. ಅದನ್ನು ಓದಿದವನು ಸರ್ವೇಯರ್ ಆಗುವುದು ಅಲ್ಲಿ ಸೋಜಿಗವಲ್ಲ.

ನಮ್ಮಲ್ಲಿ? ಇದಕ್ಕೆ ಉತ್ತರ ಹುಡುಕಲು ನಿಮ್ಮನ್ನು ಶಿಕಾರಿಪುರ ತಾಲ್ಲೂಕಿನ ಅಂಜನಾಪುರಕ್ಕೆ ಕರೆದೊಯ್ಯುತ್ತೇನೆ. ಮಳೆಗಾಲದಲ್ಲಿ ಕುಮುದ್ವತಿ ತುಂಬಿ ಜಲಾಶಯದ ಕೋಡಿ ಬಿದ್ದಾಗ ನೀವೂ ಸಂಸಾರ ಸಮೇತ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿರಬಹುದು. ಈ ಸಲ ನೀರಿಗೆ ಬೆನ್ನು ಮಾಡಿ, ಏರಿಯ ಕೆಳಗಿನ ಬಯಲನ್ನು ನೋಡಿ. ನಾಲೆಯ ನೀರು ಮುಟ್ಟುವ ಗದ್ದೆ, ಮುಟ್ಟದ ಬೆದ್ದಲು, ನಡುನಡುವೆ ಎಳೆಯ ಅಡಿಕೆ ತೋಟ. ಎಲ್ಲ ಒಂದೇ ಹಸುರು. ಆದರೆ ಒಬ್ಬ ರೈತನ ಕೈಯಲ್ಲಿ ಅವನ ಪಹಣಿ ಕೊಟ್ಟು ಕೇಳಿ: ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರು, ಅವರ ಮಕ್ಕಳು, ಒಬ್ಬ ವಿಧವೆ ಅತ್ತಿಗೆ, ಎಲ್ಲರ ಹೆಸರೂ ಇರುತ್ತದೆ. ಯಾರಿಗೆ ಎಷ್ಟು ಗುಂಟೆ ಎಂಬುದು ಕಾಗದದಲ್ಲಿದೆ. ಆ ಗುಂಟೆಗಳು ನೆಲದ ಮೇಲೆ ಎಲ್ಲಿವೆ ಎಂಬುದು ಕಾಗದದಲ್ಲಿಲ್ಲ. ಪೋಡಿಯಾಗಿಲ್ಲ. ನಾಲೆಯ ಕಡೆಯ ತುಂಡು ಯಾರದು, ದಿಬ್ಬದ ಕಡೆಯದು ಯಾರದು ಎಂಬ ಒಂದು ಪ್ರಶ್ನೆಗೆ ಎರಡು ತಲೆಮಾರು ಕೋರ್ಟಿನ ಮೆಟ್ಟಿಲು ಸವೆಸಿದ ಮನೆಗಳು ನಿಮಗೂ ಗೊತ್ತಿವೆ. ಇಂಥ ಮನೆಗೆ ಬೇಕಾದದ್ದು ಸೈಟಿನ ದಲ್ಲಾಳಿಯಲ್ಲ, ಬರಿಯ ಚೈನು ಎಳೆಯುವವನೂ ಅಲ್ಲ. ಅಳತೆ, ಬೆಲೆ, ಕಾನೂನು, ಮೂರನ್ನೂ ಬಲ್ಲವನೊಬ್ಬ ಬೇಕು. ನೀರು ಮುಟ್ಟುವ ಹತ್ತು ಗುಂಟೆ, ಮುಟ್ಟದ ಹತ್ತು ಗುಂಟೆ ಅಳತೆಯಲ್ಲಿ ಸಮ. ಪಾಲಿನಲ್ಲಿ ಸಮವೇ?

ಈ ಮೂರನ್ನೂ ಒಟ್ಟಿಗೆ ಹಿಡಿಯುವುದು ನಮಗೆ ಹೊಸತೇನಲ್ಲ. ಅಂಜನಾಪುರದ ತಾಲ್ಲೂಕಿನಲ್ಲೇ ಇರುವ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸನೆಂಬ ಮಂಡಲೇಶ್ವರನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿದೆ. ಆ ಸೀಮೆಯ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು 'ಭೇರುಂಡ ಗಳೆ'ಯಿಂದ ಅಳೆದ ಮಾತು ಬರುತ್ತದೆ. ಗಳೆಯೆಂದರೆ ಅಳತೆಯ ಕೋಲು. ಊರ ನಡುವೆ ಎಲ್ಲರ ಕಣ್ಣಿಗೂ ಬೀಳುವ ಕಂಬದ ಹೆಸರನ್ನು ಅಳತೆಗೋಲಿಗೆ ಇಟ್ಟವರ ಬುದ್ಧಿ ಮೆಚ್ಚತಕ್ಕದ್ದು. ಮುಂದೆ ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ನೆಲದ ಸಾರವನ್ನೂ ನೀರಾವರಿಯನ್ನೂ ನೋಡಿ ತರಗತಿ ಮಾಡಿಸಿ, ಬೆಳೆಯನ್ನು ಪರೀಕ್ಷಿಸಿ ಕಂದಾಯ ಗೊತ್ತುಮಾಡಿದ. ಜನ ಅದನ್ನು 'ಶಿಸ್ತು' ಎಂದು ಕರೆದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಮೌಲ್ಯಮಾಪನವೇ.

ಮೈಸೂರು ಸಂಸ್ಥಾನದಲ್ಲಿ 1863ರಿಂದ ಬೊಂಬಾಯಿ ಪದ್ಧತಿಯ ಮೋಜಣಿ ನಡೆಯಿತು. ಅದರಲ್ಲೂ ಎರಡು ಕೆಲಸ ಜೊತೆಜೊತೆಗೆ ಸಾಗುತ್ತಿದ್ದವು. ಒಬ್ಬ ಅಳೆಯುತ್ತ ಬಂದರೆ ಇನ್ನೊಬ್ಬ ಮಣ್ಣಿನ ಬಣ್ಣ, ಆಳ, ನೀರಿನ ಅನುಕೂಲ ನೋಡಿ ಆಣೆಗಳಲ್ಲಿ ದರ್ಜೆ ಕಟ್ಟುತ್ತ ಬರುತ್ತಿದ್ದ. ನಿಮ್ಮ ದಾಖಲೆಗಳಲ್ಲಿ 'ಟಿಪ್ಪಣಿ' ಎಂದಿರುವುದು ಮೊದಲನೆಯವನ ಕೈಬರಹ. 'ಆಕಾರಬಂದು' ಎಂದಿರುವುದರಲ್ಲಿ ಇಬ್ಬರ ಕೆಲಸವೂ ಕೂಡಿದೆ. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲವಾದರೆ ಒಂದು ಗುಂಟೆ, 1,089 ಚದರಡಿ. ಅಂಥವು ನಲವತ್ತಾದರೆ ಎಕರೆ. ಈಗ ಸರಪಳಿಯ ಬದಲು ಟೋಟಲ್ ಸ್ಟೇಷನ್ ಬಂದಿದೆ, ಉಪಗ್ರಹದ ಸಂಕೇತ ಹಿಡಿಯುವ ಯಂತ್ರ ಬಂದಿದೆ. ಗುಂಟೆ ಮಾತ್ರ ಹಾಗೆಯೇ ಉಳಿದಿದೆ.

ಅಳತೆಯ ಕೋಲು ಯಾರ ಕೈಯಲ್ಲಿದೆ ಎಂಬುದು ಸಣ್ಣ ಮಾತಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಮೊದಲಿಗೆ ಒಂದು ಕೊಳಗದ ವಿಚಾರಕ್ಕೆ. ಗೇಣಿಯ ಭತ್ತ ಅಳೆಯುವ ಒಡೆಯರ ಕೊಳಗ ಊರಿನ ಕೊಳಗಕ್ಕಿಂತ ದೊಡ್ಡದಾಗಿತ್ತು. ಅಲ್ಲಿ ಅಳೆದದ್ದು ಭತ್ತ, ನಾನು ಹೇಳುತ್ತಿರುವುದು ನೆಲ. ಆದರೂ ಅಳೆಯುವವನ ಮೇಲಿನ ನಂಬಿಕೆ ತಪ್ಪಿದರೆ ಏನಾಗುತ್ತದೆಂಬುದನ್ನು ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ತಂದೆಯವರ ಚಿಂತೆಗೆ ಬರೋಣ. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಕಡೆ, ಇನ್ನೊಂದು ಅಂಜನಾಪುರ ಉಂಟು. ಅಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಯಿದೆ. 2021ರ ಜನವರಿಯಿಂದ ಆ ದಿಕ್ಕಿಗೆ ಮೆಟ್ರೋ ರೈಲೂ ಓಡುತ್ತಿದೆ. ಹೆಸರು ಒಂದೇ, ಭಾಷೆ ಬೇರೆ. ನಮ್ಮ ಅಂಜನಾಪುರದಲ್ಲಿ ಗುಂಟೆಯೆಂದರೆ ಅಲ್ಲಿ 'ತರ್ಟಿ ಫಾರ್ಟಿ' ಎನ್ನುತ್ತಾರೆ. ಲೆಕ್ಕ ಹಾಕಿದರೆ ಎರಡೂ ಹತ್ತಿರ ಹತ್ತಿರವೇ. ಮೂವತ್ತು ನಲವತ್ತರ ನಿವೇಶನ 1,200 ಚದರಡಿ, ಒಂದು ಗುಂಟೆಗಿಂತ ತುಸು ಹೆಚ್ಚು.

ಎಕರೆಗೆ 43,560 ಚದರಡಿ. ಹಾಗಾದರೆ ಎಕರೆಗೆ ಮೂವತ್ತಾರು ಸೈಟು ಎಂದು ಲೆಕ್ಕ ಹಾಕಿ ಜಮೀನು ಕೊಂಡವರನ್ನು ನಾನು ಕಂಡಿದ್ದೇನೆ. ರಸ್ತೆಗೆ, ಚರಂಡಿಗೆ, ಉದ್ಯಾನಕ್ಕೆ, ಶಾಲೆ ಮೊದಲಾದ ನಾಗರಿಕ ಸೌಕರ್ಯಕ್ಕೆ ಜಾಗ ಬಿಟ್ಟಮೇಲೆ ಮಾರಲು ಉಳಿಯುವುದು ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು. ಮೂವತ್ತಾರು ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಕೃಷಿಯಿಂದ ಭೂ ಪರಿವರ್ತನೆಯಾಗಬೇಕು, ನಕ್ಷೆಗೆ ಮಂಜೂರಾತಿ ಬೇಕು. ಅದೆಲ್ಲ ಆಗುವವರೆಗೆ ಸಾಲದ ಬಡ್ಡಿ ನಿಲ್ಲುವುದಿಲ್ಲ. ಇದನ್ನೆಲ್ಲ ಮೊದಲೇ ಎಣಿಸಿ, "ಈ ಜಮೀನು ಈ ಬೆಲೆಗೆ ಬೇಡ" ಎಂದು ಹೇಳಬಲ್ಲವನನ್ನು ತಯಾರು ಮಾಡುವುದೇ ಆ ಓದಿನ ಉದ್ದೇಶ. ದಲ್ಲಾಳಿಗೆ 'ಬೇಡ' ಎಂಬ ಮಾತು ಬರುವುದಿಲ್ಲ. ಇಬ್ಬರಿಗೂ ಇರುವ ವ್ಯತ್ಯಾಸ ಅದು.

ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಪಟ್ಟಣದಂಚಿನಲ್ಲಿ ಒಂದು ನಿವೇಶನ ಕೊಂಡೆ. ಬಣ್ಣದ ನಕ್ಷೆ ಬಹು ಅಂದವಾಗಿತ್ತು. ಮನೆ ಕಟ್ಟಲು ಪಾಯ ತೆಗೆಯುವಾಗ ಪಕ್ಕದ ಹೊಲದ ಮುದುಕರೊಬ್ಬರು ಬಂದು, "ಇಲ್ಲಿ ಹಳ್ಳ ಹರಿತದಲ್ಲ" ಎಂದರು. ಅಳೆಸಿ ನೋಡಿದರೆ ನನ್ನ ಸೈಟಿನ ಪೂರ್ವದ ಹನ್ನೊಂದು ಅಡಿ 'ಬಿ ಖರಾಬು'. ಖರಾಬಿನಲ್ಲಿ ಎರಡು ಬಗೆ. ಸಾಗುವಳಿಗೆ ಬಾರದಿದ್ದರೂ ಹಿಡುವಳಿದಾರನ ಸ್ವಾಧೀನದಲ್ಲೇ ಇರುವುದು 'ಎ'. ಹಳ್ಳ, ಬಂಡಿದಾರಿ ಮೊದಲಾಗಿ ಸಾರ್ವಜನಿಕರಿಗೆಂದು ಬಿಟ್ಟದ್ದು 'ಬಿ'. ಎರಡನೆಯದನ್ನು ಯಾರೂ ಮಾರುವಂತಿಲ್ಲ. ಪಹಣಿಯಲ್ಲಿ ಆ ಒಂದು ಅಕ್ಷರ ಮೊದಲಿಂದಲೂ ಇತ್ತು. ಓದಲು ಬಾರದವನು ನಾನು. ಅದನ್ನು ಓದಬಲ್ಲವರು ಪಟ್ಟಣಕ್ಕೊಬ್ಬರಾದರೂ ಇರಲಿ ಎಂಬ ಆಸೆಯಿಂದಲೇ ಈ ವಿಷಯ ಆರಿಸಿಕೊಂಡೆ.

ಹಾಗಾದರೆ ಮಗಳು ಏನು ಓದಬೇಕು? ನಮ್ಮಲ್ಲಿ ಆಸ್ತಿ ಅಭಿವೃದ್ಧಿಯೆಂದೇ ಹೆಸರಿಟ್ಟ ಪದವಿ ವಿರಳ. ಹೆಸರಿನ ಹಿಂದೆ ಹೋಗಬೇಡಿ. ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಸಿವಿಲ್ ಹಳೆಯ ಹೆದ್ದಾರಿ, ಈಗಲೂ ಗಟ್ಟಿ ದಾರಿ. ಪಟ್ಟಣ ಯೋಜನೆಯಲ್ಲಿ ಮನಸ್ಸಿದ್ದರೆ ದೆಹಲಿ, ಭೋಪಾಲ, ವಿಜಯವಾಡಗಳಲ್ಲಿ ಯೋಜನೆ ಮತ್ತು ವಾಸ್ತುಶಿಲ್ಪದ ರಾಷ್ಟ್ರೀಯ ಶಾಲೆಗಳಿವೆ. ಬೆಲೆ ಕಟ್ಟುವ ವೃತ್ತಿಗೆ 2017ರ ನಿಯಮಗಳು ಕಟ್ಟು ಹಾಕಿವೆ: ಭೂಮಿ ಮತ್ತು ಕಟ್ಟಡದ ನೋಂದಾಯಿತ ಮೌಲ್ಯಮಾಪಕರಾಗಲು ಸಿವಿಲ್, ವಾಸ್ತುಶಿಲ್ಪ ಅಥವಾ ಪಟ್ಟಣ ಯೋಜನೆಯ ಪದವಿ, ಅದರ ಮೇಲೆ 5 ವರ್ಷದ ಅನುಭವ, ಆಮೇಲೆ ಪರೀಕ್ಷೆ. ನೆಲ ಅಳೆಯುವುದೇ ಇಷ್ಟವೆಂದರೆ ಸರ್ಕಾರಿ ಭೂಮಾಪಕರ ಹುದ್ದೆಗಳಿವೆ, ಪರವಾನಗಿ ಪಡೆದ ಭೂಮಾಪಕರ ವ್ಯವಸ್ಥೆಯಿದೆ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ 11-ಇ ನಕ್ಷೆ ಬೇಕೇ ಬೇಕು, ಹೀಗಾಗಿ ಕೆಲಸಕ್ಕೆ ಬರವಿಲ್ಲ. ವಿದೇಶದ ಪದವಿಯ ಆಸೆಯಿದ್ದರೆ ಶುಲ್ಕ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿ. ಅಲ್ಲಿನ ವೃತ್ತಿಸಂಸ್ಥೆ ಆ ಕೋರ್ಸಿಗೆ ಮನ್ನಣೆ ಕೊಟ್ಟಿದೆಯೇ? ಮರಳಿ ಬಂದಾಗ ನಮ್ಮ ನಿಯಮಗಳು ಆ ಪದವಿಯನ್ನು ಒಪ್ಪುತ್ತವೆಯೇ? ಇನ್ನು ಎಲ್ಲೇ ಸೇರಿಸಿದರೂ ಒಂದು ಮಾತು ವಿಚಾರಿಸಿ: ವಿದ್ಯಾರ್ಥಿಗಳನ್ನು ವರ್ಷಕ್ಕೆ ಎಷ್ಟು ದಿನ ಬಿಸಿಲಿಗೆ ಕರೆದೊಯ್ಯುತ್ತಾರೆ? ಉತ್ತರಕ್ಕೆ ತಡವರಿಸಿದರೆ ಬೇರೆ ಕಾಲೇಜು ನೋಡಿ.

ಡ್ರೋನು ಬಂದಮೇಲೆ ಸರ್ವೇಯರ್ ಯಾರಿಗೆ ಬೇಕು ಎನ್ನುವವರುಂಟು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಎಲ್ಲೆಯನ್ನು ಡ್ರೋನಿನಿಂದಲೇ ಗುರುತಿಸುತ್ತಾರೆ, ನಿಜ. ಆದರೆ ಡ್ರೋನಿಗೆ ಬದು ಕಾಣುತ್ತದೆ, ಬದುವಿನ ಆಚೆ ಈಚೆ ಯಾರೆಂದು ಕಾಣುವುದಿಲ್ಲ. ತುಂಬಿದ ಅಡಿಕೆ ತೋಟದ ಮೇಲೆ ಹಾರಿದರೆ ಬದುವೂ ಕಾಣುವುದಿಲ್ಲ, ಸೋಗೆ ಮಾತ್ರ. ಮಲೆನಾಡಿನ ಸೆರಗಿನಲ್ಲಿ ಕೆಳಗೆ ನಡೆದು ನೋಡುವವರು ಬೇಕೇ ಬೇಕು. ಹೆಣ್ಣುಮಗಳು ಹೊಲ ಹೊಲ ತಿರುಗುವುದೆಂತು ಎಂದು ತಾಯಂದಿರು ಕೇಳಬಹುದು. ಇಂದು ಯಂತ್ರ ಹೊತ್ತು ಹೊಲಕ್ಕಿಳಿಯುವ ಹೆಣ್ಣುಮಕ್ಕಳು ಅಪರೂಪವಲ್ಲ. ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಅಳೆಯುವಾಗ ಅವರ ಮಾತಿಗೆ ದನಿ ತಗ್ಗಿಸುವವರೇ ಹೆಚ್ಚೆಂದು ಕೇಳಿದ್ದೇನೆ.

ಫಾರಂ ತುಂಬುವ ಮೊದಲು ಒಂದು ಭಾನುವಾರ ಮಗಳನ್ನು ಕರೆದುಕೊಂಡು ನಿಮ್ಮ ಊರಿನ ಜಮೀನಿಗೆ ಹೋಗಿ. ಜಮೀನಿಲ್ಲದವರು ನೆಂಟರ ಜಮೀನಿಗಾದರೂ ಹೋಗಿ. ಪಹಣಿ ಮತ್ತು ನಕ್ಷೆಯ ಪ್ರತಿ, ಐವತ್ತು ಅಡಿಯ ಟೇಪು, ಕುಡಿಯುವ ನೀರು ಸಾಕು. ಅವಳೇ ನಕ್ಷೆ ಹಿಡಿದು ಮುಂದೆ ನಡೆಯಲಿ, ಮೂಲೆ ಮೂಲೆಯ ಬಾಂದುಕಲ್ಲು ಹುಡುಕಲಿ. ಎರಡು ಗಂಟೆ ಕಳೆದರೂ ಅವಳಿಗೆ ಬೇಸರ ಬಾರದಿದ್ದರೆ ನಿಮಗೆ ಉತ್ತರ ಸಿಕ್ಕಿತು. ಒಂದು ಕಲ್ಲು ಸಿಗದಿದ್ದರೆ ಬದುವಿನಾಚೆಯ ರೈತನನ್ನು ಕೂಗಿ ಕರೆಯಿರಿ. ಅದು ಎಲ್ಲಿ ಹೂತಿದೆ, ಎಂದು ಸರಿಯಿತು ಎಂಬುದು ಅವನಿಗೆ ಗೊತ್ತಿರುತ್ತದೆ.