ಕೀಮೋ ಹಚ್ಚೋ ಮುಂಚೆ ಫಾರ್ಮಸಿಸ್ಟ್ ಏನೇನ್ ನೋಡ್ತಾರ?

ನಮ್ಮೂರು ತೆಲಸಂಗದಿಂದ ಕ್ಯಾನ್ಸರ್ ಚಿಕಿತ್ಸೆಗೆ ಮಿರಜ್, ಬೆಳಗಾವಿ ಅಂತ ಓಡಾಡೋ ಮನೆಯವರಿಗೆ ಇವತ್ತಿನ ಮಾತು. ಡಾಕ್ಟರ್ ನಿಮಗ ಗೊತ್ತು, ಸಿಸ್ಟರೂ ಗೊತ್ತು. ಅವರ ನಡುವ ಇನ್ನೊಬ್ಬರು ಅದಾರ, ಕ್ಯಾನ್ಸರ್ ಔಷಧದಾಗ ತರಬೇತಿ ಪಡೆದ ಫಾರ್ಮಸಿಸ್ಟ್.

ಹೋದ ಕೂಡಲೇ ಎತ್ತರ, ತೂಕ ಯಾಕ ಬರ್ಕೋತಾರ? ಬಹಳಷ್ಟು ಕೀಮೋ ಔಷಧದ ಪ್ರಮಾಣ ಮೈಯ ವಿಸ್ತೀರ್ಣದ ಮ್ಯಾಲ ಐತಿ, ಒಂದು ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಡಾಕ್ಟರ್ ಬರೆದ ಲೆಕ್ಕಾನ ಫಾರ್ಮಸಿಸ್ಟ್ ಮತ್ತೊಮ್ಮೆ ಮಾಡ್ತಾರ. ಬಿಳಿ ರಕ್ತಕಣ ಸಾಕಷ್ಟು ಅದಾವೇನು, ಕಿಡ್ನಿ, ಲಿವರ್ ತಡಕೋತಾವೇನು ಅಂತ ರಿಪೋರ್ಟ್ ನೋಡ್ತಾರ. ಡಾಕ್ಸೊರುಬಿಸಿನ್ ಅಂತ ಕೆಂಪು ಔಷಧ ಐತಿ. ಒಟ್ಟು ಪ್ರಮಾಣ ಮಿತಿ ಮೀರಿದ್ರ ಹೃದಯಕ್ಕ ಪೆಟ್ಟು. ಹಂಗಾಗಿ ಜೀವಮಾನದಾಗ ಎಷ್ಟು ಹೋಗೇತಿ ಅನ್ನೋ ಲೆಕ್ಕ ಇಡಬೇಕು. ಮೊದಲು ಮಿರಜ್‌ನಾಗ ತಗೊಂಡು ಈಗ ಬೆಳಗಾವಿಗೆ ಬಂದಿದ್ರ, ಹಳೇ ಫೈಲ್ ತಪ್ಪದೇ ತೋರಸ್ರಿ.

ಆಮೇಲೆ ಔಷಧ ಕಲಸೋ ಕೆಲಸ. ಆಕ್ಸಲಿಪ್ಲಾಟಿನ್‌ಗೆ ಗ್ಲೂಕೋಸ್ ಸಲಾಯನ್ ಬೇಕು. ಉಪ್ಪಿನ ಸಲಾಯನ್ ಸೇರಿದ್ರ ಕೆಡತೈತಿ. ಸಿಸ್ಪ್ಲಾಟಿನ್‌ಗೆ ಉಪ್ಪಿಂದೇ ಬೇಕು. ವಿಂಕ್ರಿಸ್ಟಿನ್ ರಕ್ತನಾಳಕ್ಕ ಮಾತ್ರ. ತಪ್ಪಿ ಬೆನ್ನುಹುರಿಯ ದ್ರವಕ್ಕ ಹೋದ್ರ ಜೀವಕ್ಕ ಅಪಾಯ. ಅದನ್ನ ಸಿರಿಂಜಿನ ಬದಲು ಸಣ್ಣ ಸಲಾಯನ್ ಚೀಲದಾಗ ಕೊಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಾಗ ಎಚ್ಚರಿಸೇತಿ. ಈ ಔಷಧದ ಹನಿ, ಆವಿ ಕಲಸೋರಿಗೂ ಕೆಟ್ಟದ್ದು. ಅದಕ್ಕ ಗೌನು, ಗ್ಲೌಸ್ ಹಾಕ್ಕೊಂಡು ಗಾಳಿ ಸೋಸೋ ವಿಶೇಷ ಕ್ಯಾಬಿನೆಟ್ ಒಳಗ ಕಲಸಬೇಕು.

ಮನೀಗೆ ಬರೋ ಮುಂಚೆ ಫಾರ್ಮಸಿಸ್ಟರನ್ನ ಕೇಳ್ರಿ: ಗುಳಿಗಿ ಊಟದ ಮುಂಚೆನೋ, ಆಮೇಲೋ? ಕ್ಯಾಪೆಸಿಟಾಬಿನ್ ಊಟ ಆದ ಅರ್ಧ ತಾಸಿನೊಳಗ ತಗೋಬೇಕು. ಅಬಿರಟೆರೋನ್ ಖಾಲಿ ಹೊಟ್ಟ್ಯಾಗ. ಬಿಪಿ, ಸಕ್ಕರೆ ಗುಳಿಗಿ, ಆಯುರ್ವೇದದ ಪುಡಿ, ನಾಟಿ ಔಷಧ ಏನ್ ತಗೊಂಡ್ರೂ ಮುಚ್ಚಿಡಬ್ಯಾಡ್ರಿ. ಕೆಲವು ಕೂಡಿದ್ರ ಕೀಮೋದ ಬಲ ಏರಿಳಿತೈತಿ. ಜ್ವರ 100.4 ಡಿಗ್ರಿ ದಾಟಿದ್ರ ಮನ್ಯಾಗ ಗುಳಿಗಿ ನುಂಗಿ ಕೂಡಬ್ಯಾಡ್ರಿ, ರಾತ್ರಿ ಆದ್ರೂ ದವಾಖಾನಿಗೆ ಹೋಗ್ರಿ. ಕೀಮೋ ಆದ ಎರಡು ದಿನ ರೋಗಿಯ ವಾಂತಿ, ಮೂತ್ರ ತೆಗೆಯೋರು ಗ್ಲೌಸ್ ಹಾಕ್ಕೋಬೇಕು.

ರೊಕ್ಕದ ಮಾತೂ ಫಾರ್ಮಸಿಸ್ಟರ ಹತ್ರ ಆಡ್ರಿ. 2019ರಾಗ ಕೇಂದ್ರ ಸರಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರದ ಲಾಭಕ್ಕ 30% ಮಿತಿ ಹಾಕೇತಿ. ಅದೇ ಔಷಧ ಬೇರೆ ಕಂಪನಿದು ಅಗ್ಗ ಸಿಗತೈತೇನು ಅನ್ನೋದು ಅವರಿಗೆ ಗೊತ್ತಿರತೈತಿ. ಬದಲಿಸೋದು ಮಾತ್ರ ಡಾಕ್ಟರನ್ನ ಕೇಳೇ.

ಫಾರ್ಮಸಿಸ್ಟ್ ಆಗೋರಿಗೆ ನಮ್ಮ ದೇಶದಾಗ ಆರು ವರ್ಷದ ಫಾರ್ಮ್ ಡಿ ಕೋರ್ಸ್ 2008ರಿಂದ ಐತಿ. 2025ರಾಗ ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಿಗೆ ಡೇ ಕೇರ್ ಕೀಮೋ ಕೇಂದ್ರ ಬಂದಾವ. ನಮ್ಮಂಥ ದೂರದ ಊರಿಗೆ ಇದು ದೊಡ್ಡ ಆಸರೆ. ಆದ್ರ ಹಾಸಿಗಿ, ಔಷಧ ಇದ್ರ ಸಾಲದು. ಪ್ರತಿ ಕೇಂದ್ರದಾಗ ತರಬೇತಿ ಪಡೆದ ಫಾರ್ಮಸಿಸ್ಟ್ ಇರಲೇಬೇಕು. ನಿಮ್ಮ ಶಾಸಕರನ್ನ, ಆರೋಗ್ಯ ಅಧಿಕಾರಿಗಳನ್ನ ಇದನ್ನ ಕೇಳ್ರಿ.