ಒಲೆಯೊಳಗಿನ ತೆರಿಗೆ

(ಮುಂಬಯಿಯಲ್ಲಿ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೆಚ್ಚು ಓದಿದವರಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಈ ಊರಿಗೆ ಬಂದು, ತಟ್ಟೆ ತೊಳೆದು, ಮೇಜು ಒರೆಸಿ, ಗಲ್ಲೆಯ ಬಳಿ ನಿಂತು ಲೆಕ್ಕ ಕಲಿತವರು. ಆ ಲೆಕ್ಕವನ್ನೇ ಇಂದು ತಮ್ಮ ಮುಂದೆ ಇಡುತ್ತೇವೆ.

"ನಮಗೆ ಕಾರಿಲ್ಲ, ಸ್ಕೂಟರಿಲ್ಲ, ಪೆಟ್ರೋಲು ಡೀಸೆಲಿನ ತೆರಿಗೆ ನಮಗೇಕೆ?" ಎಂದು ನಮ್ಮವರೇ ಕೇಳುತ್ತಾರೆ. ಬಂಧುಗಳೇ, ನಾಸಿಕದ ಈರುಳ್ಳಿ ವಾಶಿಯ ಮಾರುಕಟ್ಟೆಗೆ ನಡೆದು ಬರುವುದಿಲ್ಲ. ಲಾರಿಯಲ್ಲಿ ಬರುತ್ತದೆ. 2014ರ ಆರಂಭದಲ್ಲಿ ಒಂದು ಲೀಟರು ಡೀಸೆಲಿನ ಮೇಲೆ ಕೇಂದ್ರದ ಅಬಕಾರಿ ಸುಂಕ 3 ರೂಪಾಯಿ 56 ಪೈಸೆ ಇತ್ತು. 2020ರ ಮೇ ತಿಂಗಳಿಗೆ ಅದು 31 ರೂಪಾಯಿ 83 ಪೈಸೆ ಆಯಿತು. ಅಂದರೆ ನೂರು ಲೀಟರು ಸುಡುವ ಲಾರಿಯ ಮೇಲೆ 3,183 ರೂಪಾಯಿ. ರಾಜ್ಯದ ತೆರಿಗೆ ಬೇರೆ. ಲಾರಿಯ ಧಣಿ ಇದನ್ನು ತನ್ನ ಕೈಯಿಂದ ಕೊಡುತ್ತಾನೆಯೇ? ಬಾಡಿಗೆಗೆ ಸೇರಿಸುತ್ತಾನೆ. ಅಂಗಡಿಯವನು ದರಕ್ಕೆ ಸೇರಿಸುತ್ತಾನೆ. ಕೊನೆಗೆ ಕೊಡುವವರು ನಾವು.

ಆ ಮೇ ತಿಂಗಳನ್ನು ನೆನೆಯಿರಿ. ಹೋಟೆಲುಗಳಿಗೆ ಬೀಗ ಬಿದ್ದಿತ್ತು. ಸಂಬಳವಿಲ್ಲದೆ ಕೋಣೆಯಲ್ಲಿ ಗಂಜಿ ಕುಡಿದು ಕುಳಿತಿದ್ದೆವು. ಜಗತ್ತಿನ ಪೇಟೆಯಲ್ಲಿ ಕಚ್ಚಾ ಎಣ್ಣೆಯ ಬೆಲೆ ಕುಸಿದಿತ್ತು. ಆ ಇಳಿಕೆ ನಮ್ಮ ಕೈಗೆ ಬರುವ ಮೊದಲೇ ಸುಂಕ ಅದನ್ನು ನುಂಗಿತು. ಮರುವರ್ಷ ಮೇ 29ರಂದು ಮುಂಬಯಿಯಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು.

ಇಳಿಸಿದ್ದನ್ನೂ ಹೇಳಬೇಕು, ಸುಳ್ಳು ಹೇಳಿ ಸಂಘ ಕಟ್ಟಲಾಗದು. 2021ರ ನವೆಂಬರಿನಲ್ಲಿ ಮತ್ತು 2022ರ ಮೇಯಲ್ಲಿ ಸುಂಕ ಇಳಿಯಿತು. ಡೀಸೆಲಿನದು 15 ರೂಪಾಯಿ 80 ಪೈಸೆಗೆ ಬಂತು. ಆದರೂ ಹಳೆಯದರ ನಾಲ್ಕು ಪಟ್ಟಿಗಿಂತ ಹೆಚ್ಚು. ಏರಿದ ರಿಕ್ಷಾ ಬಾಡಿಗೆ, ಏರಿದ ಊಟದ ಖರ್ಚು ಆಗ ಇಳಿದುದನ್ನು ನಾವಂತೂ ಕಾಣಲಿಲ್ಲ.

ಸರಕಾರಕ್ಕೆ ಹಣ ಬೇಡವೆನ್ನುವವರು ನಾವಲ್ಲ. ರಸ್ತೆ, ಆಸ್ಪತ್ರೆ, ಶಾಲೆ ನಮಗೇ ಹೆಚ್ಚು ಬೇಕು. ಆದರೆ ವರಮಾನ ತೆರಿಗೆ ಗಳಿಕೆ ನೋಡಿ ಬೀಳುತ್ತದೆ. ಈ ಸುಂಕ ಯಾರ ಮುಖವನ್ನೂ ನೋಡುವುದಿಲ್ಲ. ತಿಂಗಳಿಗೆ ಎರಡು ಲಕ್ಷ ಗಳಿಸುವವನ ಮನೆಗೂ ಹನ್ನೆರಡು ಸಾವಿರ ಗಳಿಸುವವನ ಮನೆಗೂ ಅದೇ ದರ. ಅವರಿಗೆ ನೂರು ರೂಪಾಯಿ ಲೆಕ್ಕಕ್ಕಿಲ್ಲ. ನಮಗೆ ಅದು ಊರಿನಲ್ಲಿರುವ ತಾಯಿಯ ಔಷಧಿ. ವಿಳಾಸದ ಕಾಗದವಿಲ್ಲದೆ, ಎಂಟು ಜನ ಒಂದು ಕೋಣೆಯಲ್ಲಿದ್ದು, ಮೂಲೆಯಂಗಡಿಯಿಂದ ಕಿಲೋ ಲೆಕ್ಕದಲ್ಲಿ ಗ್ಯಾಸು ತುಂಬಿಸುವವರು ಮನೆಯ ಸಿಲಿಂಡರಿನವರಿಗಿಂತ ಹೆಚ್ಚು ತೆರುತ್ತಾರೆ.

ಈಗ ಮಾಡಬೇಕಾದುದೇನು? ಮಹಾರಾಷ್ಟ್ರದಲ್ಲಿ ಹೋಟೆಲು ಕೆಲಸಗಾರರ ಕನಿಷ್ಠ ವೇತನದ ಜೊತೆಗಿನ ವಿಶೇಷ ಭತ್ಯೆಯನ್ನು ಬೆಲೆ ಸೂಚ್ಯಂಕ ನೋಡಿ ವರ್ಷಕ್ಕೆ ಎರಡು ಸಲ ಪರಿಷ್ಕರಿಸುತ್ತಾರೆ. ನಮ್ಮಲ್ಲಿ ಎಷ್ಟು ಜನರಿಗೆ ಅದು ಸಿಗುತ್ತಿದೆ? ಈ ರವಿವಾರದಿಂದ ಪ್ರತಿಯೊಬ್ಬರೂ ಸಂಬಳ, ಬಾಡಿಗೆ, ಗ್ಯಾಸು, ರೈಲಿನ ಪಾಸು, ಊರಿಗೆ ಕಳಿಸಿದ ಹಣ ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಮೂರು ತಿಂಗಳ ಲೆಕ್ಕ ಕೈಯಲ್ಲಿ ಹಿಡಿದು ಮೊದಲು ಧಣಿಗಳ ಬಳಿಗೂ, ಆಮೇಲೆ ಕಾರ್ಮಿಕ ಕಚೇರಿಗೂ ಒಟ್ಟಾಗಿ ಹೋಗೋಣ.